ಗೆದ್ದವನು ಸೋತ

ಕೋರ್ಟು ಕಚೇರಿಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಹಿರಿಯರು ತಪ್ಪದೆ ಆಡುವ ಮಾತೊಂದುಂಟು: ‘ಗೆದ್ದವನು ಸೋತ, ಸೋತವನು ಸತ್ತ.’ ಸೋತವನು ಸತ್ತನೆಂಬುದು ಯಾರಿಗಾದರೂ ಅರ್ಥವಾಗುತ್ತದೆ. ಗೆದ್ದವನು ಸೋಲುವ ಪರಿ ಎಂತಹುದೆಂದು ತಿಳಿಯಬೇಕಾದರೆ, ಡಿಕ್ರಿಯನ್ನು ಕೈಯಲ್ಲಿ ಹಿಡಿದ ವ್ಯಾಪಾರಿಯೊಬ್ಬನ ಬೆನ್ನಿಗೆ ನಾಲ್ಕು ದಿನ ತಿರುಗಬೇಕು. ಆ ಭಾಗ್ಯ ನನಗೆ ಒದಗಿದುದು ನನ್ನ ಸೋದರಮಾವನ ದೆಸೆಯಿಂದ.

ಮಾವ ದೊಡ್ಡಬಳ್ಳಾಪುರದಲ್ಲಿ ನೂಲಿನ ವ್ಯಾಪಾರಿ. ವಿದ್ಯುತ್ ಮಗ್ಗಗಳ ಸದ್ದಿಲ್ಲದೆ ಬೆಳಗಾಗದ ಬೀದಿಗಳು ಆ ಊರಿನಲ್ಲಿವೆ. ಅಲ್ಲಿ ಮಗ್ಗ ಓಡುವುದು ವಿದ್ಯುತ್ತಿನಿಂದ, ವ್ಯಾಪಾರ ಓಡುವುದು ಉದ್ದರಿಯಿಂದ. ನೂಲಿನವನು ಮಗ್ಗದವನಿಗೆ ಉದ್ದರಿ ಕೊಡುತ್ತಾನೆ, ಮಗ್ಗದವನು ಸೀರೆ ನೇಯ್ದು ಸಗಟು ವ್ಯಾಪಾರಿಗೆ ಉದ್ದರಿ ಕೊಡುತ್ತಾನೆ, ಸಗಟಿನವನು ಅಂಗಡಿಯವನಿಗೆ. ಕಡೆಗೆ ಸೀರೆ ಉಟ್ಟ ಗೃಹಿಣಿಯೂ ಕಂತಿನಲ್ಲಿ ಕೊಂಡವಳಾಗಿದ್ದರೆ ಆಶ್ಚರ್ಯವಿಲ್ಲ. ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಅದರ ಸೆಳೆತ ಎಲ್ಲರ ಮನೆಯ ಒಲೆಗೂ ತಟ್ಟುತ್ತದೆ. ಮಾವನಿಗೆ ಇಬ್ಬರಿಂದ ಬರಬೇಕಾದ ಹಣ ನಿಂತಿತು. ಅವರು ಮೊದಲು ಹೇಳಿಕಳುಹಿಸಿದರು, ಆಮೇಲೆ ನೋಟೀಸು ಕೊಟ್ಟರು, ಕಡೆಗೆ ದಾವೆ ಹೂಡಿದರು. ಕೆಲವು ವರ್ಷಗಳ ತರುವಾಯ ಎರಡರಲ್ಲಿಯೂ ಗೆದ್ದರು. ಮನೆಯಲ್ಲಿ ಪಾಯಸವೂ ಆಯಿತು.

ಪಾಯಸದ ಸವಿ ಆರುವ ಮುನ್ನವೇ ವಕೀಲರು, “ಇನ್ನು ಅಮಲ್ಜಾರಿ ಅರ್ಜಿ ಹಾಕಬೇಕು,” ಎಂದರು. ಮಾವ ಬೆಚ್ಚಿದರು. “ಕೊಡು ಎಂದು ನ್ಯಾಯಾಧೀಶರೇ ಹೇಳಿದ ಮೇಲೆ ಇನ್ನೇತರ ಅರ್ಜಿ ಸ್ವಾಮಿ?” ವಕೀಲರು ನಕ್ಕರು. “ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಕೋರ್ಟು ಹೇಳಿದೆ. ಆ ಹಣ ಎಲ್ಲಿದೆಯೆಂದು ನೀವು ಹೇಳಬೇಕು.”

ಕನ್ನಡ ಎಂ.ಎ. ಮಾಡಿದವನು ಕೋರ್ಟಿನ ಕನ್ನಡವನ್ನೂ ಓದಬಲ್ಲನೆಂಬ ನಂಬಿಕೆಯಿಂದ ಮಾವ ಕಾಗದದ ಕಟ್ಟನ್ನು ನನ್ನ ಮುಂದಿಟ್ಟರು. ಜಪ್ತಿ, ವಸೂಲಿ, ಅಮೀನ ಎಂಬ ಮಾತುಗಳು ಅರಬ್ಬಿ ಮೂಲದಿಂದ ಬಂದವು; ಡಿಕ್ರಿ ಇಂಗ್ಲಿಷಿನದು; ಸಾಲ ಮಾತ್ರ ನಮ್ಮದು! ಓದುತ್ತ ಹೋದಂತೆ ಮಾವನ ಪಾಡು ಹೊಸದಲ್ಲವೆಂದು ತಿಳಿಯಿತು. ಈ ದೇಶದಲ್ಲಿ ಕಕ್ಷಿಗಾರನ ಕಷ್ಟಗಳು ಆರಂಭವಾಗುವುದೇ ಡಿಕ್ರಿ ದೊರೆತ ಮೇಲೆ ಎಂಬ ಅರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲಿಯೇ ಹೇಳಿತ್ತು. ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳೊಳಗೆ ಮುಗಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಆದರೂ 2025ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕದಂತೆ ದೇಶದಲ್ಲಿ ಬಾಕಿಯಿದ್ದ ಇಂಥ ಅರ್ಜಿಗಳು 8 ಲಕ್ಷ 82 ಸಾವಿರಕ್ಕೂ ಮಿಗಿಲು. ಕರ್ನಾಟಕದ ಅಂಕಿಗಳು ಆ ಲೆಕ್ಕಕ್ಕೆ ಇನ್ನೂ ಸೇರಿರಲಿಲ್ಲ. ಹಣದ ಡಿಕ್ರಿಗೆ 12 ವರ್ಷಗಳ ಆಯುಸ್ಸಿದೆ. ಅಷ್ಟರೊಳಗೆ ಅರ್ಜಿ ಹಾಕದಿದ್ದರೆ ಅದು ಬರಿಯ ಕಾಗದ.

ಇಂಥ ಹೊತ್ತಿನಲ್ಲಿ ಹಿತೈಷಿಗಳಿಗೆ ಬರವಿಲ್ಲ. ಒಬ್ಬರು ಬಂದು, “ನಾಲ್ಕು ಹುಡುಗರನ್ನು ಕಳಿಸಿದರೆ ಎರಡು ದಿನದ ಕೆಲಸ,” ಎಂದರು. ನಮ್ಮ ಪ್ರಾಚೀನರಿಗೂ ಈ ಉಪಾಯ ತಿಳಿಯದುದೇನಲ್ಲ. ಸಾಲ ವಸೂಲಿಗೆ ಮನುಸ್ಮೃತಿ ಐದು ದಾರಿಗಳನ್ನು ಹೇಳುತ್ತದೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಬುದ್ಧಿ ಹೇಳುವುದು ಮೊದಲನೆಯದು, ನ್ಯಾಯಸ್ಥಾನಕ್ಕೆ ಹೋಗುವುದು ಎರಡನೆಯದು. ಉಳಿದ ಮೂರು ಉಪಾಯ, ಕಾಟ ಮತ್ತು ಬಲಾತ್ಕಾರ. ವಿಶ್ವಾಮಿತ್ರನ ಸಾಲಕ್ಕಾಗಿ ಹರಿಶ್ಚಂದ್ರನ ಬೆನ್ನು ಹತ್ತಿದ ನಕ್ಷತ್ರಿಕನನ್ನು ನಾವು ಮರೆತಿಲ್ಲ. ಬಿಡದೆ ಕಾಡುವ ಸಾಲಿಗನಿಗೆ ಇಂದಿಗೂ ಅವನದೇ ಹೆಸರು. ಹೆಂಡತಿ ಮಕ್ಕಳನ್ನು ಮಾರಿಸಿದ ಆ ವಸೂಲಿಯ ಕಥೆಯನ್ನು ಕೇಳಿ ಕಣ್ಣೀರಿಟ್ಟ ಜನ ನಾವು. ಇಂದಿನ ಕಾನೂನು ಐದರಲ್ಲಿ ಮೊದಲಿನ ಎರಡನ್ನೇ ಉಳಿಸಿಕೊಂಡಿದೆ. ಮಾವ ಹಿತೈಷಿಗಳಿಗೆ ಕಾಫಿ ಕೊಟ್ಟು ಕಳಿಸಿ, “ನಾನು ನೂಲು ಮಾರುವವನು, ನಕ್ಷತ್ರಿಕನಲ್ಲ,” ಎಂದರು.

ಅಮೀನರೊಂದಿಗೆ ನಾವು ಹೋದುದು ಮೊದಲು ದೊಡ್ಡ ಬಾಕಿದಾರನ ಮನೆಗೆ. ಮಹಡಿಯ ಮನೆ, ಅಂಗಳದಲ್ಲಿ ಕಾರು, ಒಳಗೆ ಎಂಟು ಮಗ್ಗಗಳ ಆರ್ಭಟ. ಆತ ನಗುನಗುತ್ತಲೇ ಕಾಗದಗಳನ್ನು ತೋರಿಸಿದ. ಕಾರು ಮಗನದು, ಮನೆ ಹೆಂಡತಿಯದು, ದಾವೆ ನಡೆಯುತ್ತಿದ್ದಾಗಲೇ ಮಗ್ಗಗಳು ಭಾವಮೈದುನನ ಹೆಸರಿಗೆ ಹೋಗಿದ್ದವು. ಆತನದೆಂಬುದು ಆ ನಗುವೊಂದೇ. ಅದನ್ನು ಜಪ್ತಿ ಮಾಡಲು ಬರುವಂತಿರಲಿಲ್ಲ.

ಎರಡನೆಯ ಮನೆಯಲ್ಲಿ ಸದ್ದೇ ಇರಲಿಲ್ಲ. ಎರಡು ಮಗ್ಗಗಳಿದ್ದವು, ಎರಡೂ ಬಾಡಿಗೆಯವು, ಎರಡೂ ನಿಂತಿದ್ದವು. ಮನೆಯಾಕೆ ಗೋಡೆಗೆ ಆತು, ಕೊರಳ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅಮೀನರು ವಯಸ್ಸಾದವರು. “ಅದನ್ನು ಬಿಡಮ್ಮ, ಅದನ್ನು ಯಾರೂ ಮುಟ್ಟುವಂತಿಲ್ಲ,” ಎಂದರು. ನಿಜ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲು ಮತ್ತು ಬಿತ್ತನೆಯ ಕಾಳು, ಧರ್ಮಾಚಾರದಂತೆ ಹೆಂಗಸು ಕಳಚಲಾಗದ ಒಡವೆ ಇವನ್ನು ಜಪ್ತಿ ಮಾಡಕೂಡದು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ, ವಾಸದ ಮನೆಯೊಳಕ್ಕೆ ಕಾಲಿಡಕೂಡದು. ಇದನ್ನು ಬರೆದವರಾರೋ, ಬಡತನದ ಮನೆಯನ್ನು ಒಳಹೊಕ್ಕು ನೋಡಿದ್ದಿರಬೇಕು.

ಆ ನೇಕಾರ ಕೈ ಮುಗಿದು, “ಯಜಮಾನರೇ, ನಿಮ್ಮ ದುಡ್ಡು ತಿಂದವನಲ್ಲ ನಾನು. ನನಗೆ ಬರಬೇಕಾದದ್ದೇ ನಿಂತುಹೋಗಿದೆ,” ಎಂದು ಹಳೆಯ ನೋಟುಪುಸ್ತಕವೊಂದನ್ನು ತಂದ. ಊರಿನ ಸಗಟು ವ್ಯಾಪಾರಿಯೊಬ್ಬನಿಗೆ ಕೊಟ್ಟ ಸೀರೆಗಳ ಲೆಕ್ಕ ಅದು. ಪುಟಪುಟಕ್ಕೂ ಪಡೆದವನ ಸಹಿ. ಕೂಡಿ ನೋಡಿದರೆ ಮಾವನಿಗೆ ಬರಬೇಕಾದುದರಲ್ಲಿ ಅರ್ಧಕ್ಕೂ ಮಿಗಿಲು ಅಲ್ಲಿಯೇ ಇತ್ತು.

ವಕೀಲರ ಕಣ್ಣು ಅರಳಿತು. ಋಣಿಗೆ ಬೇರೊಬ್ಬರು ಕೊಡಬೇಕಾದ ಹಣವನ್ನೂ ಜಪ್ತಿ ಮಾಡಬಹುದು. ಆ ಬೇರೊಬ್ಬರಿಗೆ, ಹಣವನ್ನು ಕೋರ್ಟಿಗೆ ಕಟ್ಟು, ಇಲ್ಲವೆ ಬಂದು ಕಾರಣ ಹೇಳು ಎಂದು ನೋಟೀಸು ಹೋಗುತ್ತದೆ. ಸಂಹಿತೆಯ 21ನೆಯ ಆದೇಶದ 46-ಎ ನಿಯಮ ಅದು. ನೇಕಾರ ವರ್ಷದಿಂದ ಅಲೆದರೂ ಬಾಗಿಲು ತೆರೆಯದ ಸಗಟು ವ್ಯಾಪಾರಿ, ಕೋರ್ಟಿನ ಮೊಹರು ಕಂಡೊಡನೆ ಬಂದು ಹಣ ಕಟ್ಟಿದ. ತನ್ನ ಕಾಲುಗಳಿಂದ ಆಗದಿದ್ದ ವಸೂಲಿ ನೇಕಾರನಿಗೆ ತನ್ನ ಮೇಲಿನ ಡಿಕ್ರಿಯಿಂದಲೇ ಆಯಿತು! ಉಳಿದುದನ್ನು ಕಂತಿನಲ್ಲಿ ಕೊಡಲೊಪ್ಪಿ ಆತ ತೀರಿಸುತ್ತಿದ್ದಾನೆ. ಕೈಯಿಂದ ಕೈಗೆ ಬಂದ ಪ್ರತಿ ಕಂತನ್ನೂ ಮಾವ ಕೋರ್ಟಿನಲ್ಲಿ ದಾಖಲು ಮಾಡಿಸುತ್ತಾರೆ; ಹಾಗೆ ದಾಖಲಾಗದ ಪಾವತಿಯನ್ನು ಅಮಲ್ಜಾರಿ ನಡೆಸುವ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಹಡಿ ಮನೆಯವನ ಕಥೆ ಇನ್ನೂ ಮುಗಿದಿಲ್ಲ. ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಹೇಳಬೇಕೆಂದು ಅವನಿಗೆ ಆದೇಶವಾಗಿದೆ. ಅವನನ್ನು ಜೈಲಿಗೆ ಕಳುಹಿಸಬಾರದೇಕೆ ಎಂದು ನಾನೇ ಕೇಳಿದೆ. ಕಳುಹಿಸಬಹುದು, ಹೆಚ್ಚೆಂದರೆ 3 ತಿಂಗಳು. ಆದರೆ ಸೆರೆಮನೆಯಲ್ಲಿ ಅವನ ಊಟದ ಖರ್ಚನ್ನು ಡಿಕ್ರಿದಾರನೇ ಕಟ್ಟಬೇಕು! ಮಾವನ ಮುಖದ ಮೇಲೆ ಅಂದು ಕಂಡ ಭಾವವನ್ನು ವರ್ಣಿಸಲು ನನ್ನ ಎಂ.ಎ. ಸಾಲದು.

ಆದರೂ ಆ ಬಾಗಿಲು ಅವನಂಥವರಿಗೆಂದೇ ಇದೆ. ಹಣ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕಲಾಗದು, ಅದರಲ್ಲಿ ಕಪಟವಿರಬೇಕು ಎಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿತ್ತರು. ಇಲ್ಲದವನು ಬೇರೆ, ಕೊಡದವನು ಬೇರೆ. ಡಿಕ್ರಿಯ ಕಾಗದದಲ್ಲಿ ಇಬ್ಬರಿಗೂ ಒಂದೇ ಹೆಸರು, ‘ಋಣಿ’. ಅವರನ್ನು ಬೇರೆ ಮಾಡಿ ತೋರಿಸಬೇಕಾದವನು ಹಣ ಕೇಳಲು ಹೋದವನು. ವ್ಯಾಪಾರಿಗೆ ನೆರವಾಗುವವರು, ವಕೀಲರಾಗಲಿ, ಗುಮಾಸ್ತರಾಗಲಿ, ನನ್ನಂಥ ಸೋದರಳಿಯರಾಗಲಿ, ಮೊದಲು ಮಾಡಬೇಕಾದ ಕೆಲಸವೂ ಅದೇ. ಇಲ್ಲದವನಲ್ಲಿ, ನಿನಗೆ ಬರಬೇಕಾದುದು ಎಲ್ಲಿ ನಿಂತಿದೆಯೆಂದು ಕೇಳಬೇಕು. ಕೊಡದವನಲ್ಲಿ, ನಿನ್ನದನ್ನು ಎಲ್ಲಿ ಬಚ್ಚಿಟ್ಟಿದ್ದೀಯೆಂದು ಕೇಳಬೇಕು.

ಮೊನ್ನೆ ಆ ನೇಕಾರ ಮತ್ತೆ ನೂಲು ಕೇಳಲು ಬಂದನಂತೆ. ಮಾವ ಕೊಟ್ಟರಂತೆ, ಉದ್ದರಿಯಾಗಿಯೇ. “ಕೋರ್ಟಿಗೆ ಹೋದರೂ ಬುದ್ಧಿ ಬರಲಿಲ್ಲ,” ಎಂದು ಅತ್ತೆ ಗೊಣಗಿದರೆ ಮಾವನ ಉತ್ತರ: “ಮಗ್ಗ ನಿಂತರೆ ಕಂತು ಎಲ್ಲಿಂದ ಬರುತ್ತದೆಯೇ?”