ಮೂಲೆಯಲ್ಲಿ ಹೆಸರಿದೆಯಾ ನೋಡಿ

ನಾವು ಮೊದಲು ಕಂಡ ದೊಡ್ಡ ಚಿತ್ರವೆಂದರೆ ಊರ ಜಾತ್ರೆಯ ನಾಟಕದ ಪರದೆ. ಈಗ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ರೂಮು ಮಾಡಿಕೊಂಡಿರುವ ನಮಗೆಲ್ಲ ಅದೇ ನೆನಪು. ಸೀಟಿ ಊದಿದ ಕೂಡಲೇ ಕಾಡು ಸರ್ರನೆ ಮೇಲೇರುತ್ತಿತ್ತು, ಅದರ ಹಿಂದಿನಿಂದ ದರ್ಬಾರು ಕಾಣುತ್ತಿತ್ತು.

ಈ ಪರದೆಯ ಕಥೆ ಹಳೆಯದು. ಮುಂಬೈಯ ಪಾರ್ಸಿ ಕಂಪನಿಗಳು ಬಣ್ಣದ ಪರದೆ ಕಟ್ಟಿಕೊಂಡು ಊರೂರು ತಿರುಗಿದವು. ಅದನ್ನು ನೋಡಿ ನಮ್ಮವರೂ ಕಲಿತರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ಮರಾಠಿ ಶಾಕುಂತಲ ಆಡಿಸಿದರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಅಪ್ಸರೆಯರು, ಗಂಧರ್ವರು, ರಾಜಕುಮಾರಿಯ ಪ್ರೇಮ ಎಲ್ಲ ಬಟ್ಟೆಯ ಮೇಲಿನ ತೋಟದ ಮುಂದೆ ನಡೆಯುತ್ತಿದ್ದವು. ರವಿವರ್ಮನ ಶಕುಂತಲೆಯ ಚಿತ್ರ ನೋಡಿ, ಅವಳೂ ರಂಗದ ಮೇಲೆ ನಿಂತ ಹಾಗೇ ಇದ್ದಾಳೆ.

ಬಟ್ಟೆಗೆ ಮೊದಲು ಬಿಳಿ ಬಳಿದು, ಪುಡಿಬಣ್ಣವನ್ನು ಅಂಟಿನಲ್ಲಿ ಕಲಸಿ ಬರೆಯುತ್ತಿದ್ದರು. ಕಂಬಗಳು ಹಿಂದಕ್ಕೆ ಹೋದಂತೆ ಚಿಕ್ಕದಾಗುತ್ತವೆ, ಹಾಗಾಗಿ ಒಂದೇ ಬಟ್ಟೆಯಲ್ಲಿ ಉದ್ದನೆಯ ಅರಮನೆ ಕಾಣುತ್ತದೆ. ಆದರೆ ರಾಜ ತೀರಾ ಹಿಂದೆ ಸರಿದರೆ ಕಂಬಕ್ಕಿಂತ ಎತ್ತರವಾಗಿಬಿಡುತ್ತಾನೆ! ರಸ್ತೆ ಪರದೆಗೂ ಒಂದು ಕೆಲಸವಿತ್ತು. ಅದರ ಮುಂದೆ ಹಾಸ್ಯ ನಡೆಯುತ್ತಿರುವಾಗ ಹಿಂದೆ ಸಿಂಹಾಸನ ಜೋಡಿಸಿ ಮುಗಿಸುತ್ತಿದ್ದರು.

ದಾವಣಗೆರೆಗೆ ಇದು ಮನೆಯ ವಿಷಯ. ಕೆ.ಬಿ.ಆರ್. ಡ್ರಾಮಾ ಕಂಪನಿ ನಡೆಸಿದ, 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಇಲ್ಲಿಯವರು. ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಕಂಪನಿಗಳ ಪರದೆ ಬರೆದವರ ಹೆಸರು ಎಷ್ಟು ಜನಕ್ಕೆ ಗೊತ್ತು? ನಾಟಕದ ಕರಪತ್ರದಲ್ಲಿ ಪಾತ್ರಧಾರಿಗಳು, ಹಾರ್ಮೋನಿಯಂ ಮಾಸ್ತರರು, ಚಂದಾ ಕೊಟ್ಟವರು ಎಲ್ಲರೂ ಇರುತ್ತಾರೆ. ನಾವು ಅರಮನೆ ಅಂದರೆ ಹೇಗಿರುತ್ತದೆ ಅಂತ ಕಲಿತದ್ದು ಯಾರ ಕೈಯಿಂದಲೋ, ಅವರೇ ಇರುವುದಿಲ್ಲ.

ಈಗ ಫ್ಲೆಕ್ಸ್ ಬಂದಿದೆ. ಹಳೆಯ ಪರದೆಗಳು ಗುಡಿಯ ಅಟ್ಟದಲ್ಲಿ, ಗರಡಿಮನೆಯ ಮೂಲೆಯಲ್ಲಿ ಬಿದ್ದಿವೆ. ಮಡಚಿಟ್ಟರೆ ಮಡಿಕೆಯಲ್ಲಿ ಬಣ್ಣ ಉದುರುತ್ತದೆ, ನೀರು ತಾಗಿದರೆ ಕರಗುತ್ತದೆ. ಮೆಕ್ಕೆಜೋಳದ ರಾಶಿಗೆ ಹೊದಿಸಿದರೆ ಒಂದೇ ಮಳೆಗೆ ಮುಗಿಯಿತು.

ನಿಮ್ಮೂರಲ್ಲಿ ಪರದೆ ಉಳಿದಿದ್ದರೆ ಹಿರಿಯರನ್ನು ಕೇಳಿ, ನೆರಳಲ್ಲಿ ನಿಧಾನ ಬಿಚ್ಚಿ. ಪೂರ್ತಿ ಒಂದು ಫೋಟೊ, ಕೆಳಗಿನ ಮೂಲೆಗಳದ್ದು ಒಂದೊಂದು ಫೋಟೊ ತೆಗೆಯಿರಿ. ಬರೆದವರ ಹೆಸರು, ಊರು ಅಲ್ಲಿರಬಹುದು. ಆಮೇಲೆ ಮಡಚಬೇಡಿ, ಬಿದಿರಿಗೆ ಸುತ್ತಿಡಿ.