ಶಬ್ದಕ್ಕೆ ಪ್ರಮಾಣ

ಸಂಗೀತವನ್ನು ಯಂತ್ರದ ಮೂಲಕ ಕೇಳುವುದನ್ನೇ ಒಂದು ವ್ರತವಾಗಿ ಹಿಡಿದ ಜನರು ಲೋಕದಲ್ಲಿ ಉಂಟು. ಹಾಡುವವರ ಕಂಠವೂ ತಂತಿಯ ನಾದವೂ ಇದ್ದುದು ಇದ್ದಂತೆಯೇ ಮನೆಯ ಪಡಸಾಲೆಗೆ ಇಳಿದು ಬರಬೇಕೆಂಬುದು ಇವರ ಹಂಬಲ. ಅದಕ್ಕಾಗಿ ಆಂಪ್ಲಿಫೈಯರು, ಸ್ಪೀಕರು, ಇವೆರಡನ್ನು ಕೂಡಿಸುವ ತಂತಿ ಮೊದಲಾದವುಗಳನ್ನು ಕೊಳ್ಳುವುದರಲ್ಲಿಯೂ ಬದಲಾಯಿಸುವುದರಲ್ಲಿಯೂ ಇವರ ಆಯುಷ್ಯದ ಒಂದು ಭಾಗವೂ, ಸಂಪಾದನೆಯ ಅದಕ್ಕಿಂತ ದೊಡ್ಡ ಭಾಗವೂ ಕಳೆದುಹೋಗುವುವು. ಇದನ್ನು ಹುಚ್ಚೆನ್ನುವವರು ಇರಬಹುದು. ಆದರೆ ಪುಸ್ತಕದ ಹುಚ್ಚು, ಹೂದೋಟದ ಹುಚ್ಚು ಇರುವ ಮನೆಗಳಲ್ಲಿ ಈ ಮಾತನ್ನು ತುಸು ಮೆಲ್ಲಗೆ ಆಡುವುದು ಲೇಸು.

ಇಂಥ ರಸಿಕರು ಇಬ್ಬರು ಸೇರಿದಲ್ಲಿ ಒಂದು ವಾದ ಹುಟ್ಟದೆ ಇರದು. ಒಬ್ಬನು, ಬೆಲೆಬಾಳುವ ಹೊಸ ತಂತಿಯನ್ನು ಹಾಕಿದಂದಿನಿಂದ ಗಾಯಕಿಯ ಕಂಠದ ಮುಂದಿನ ತೆರೆಯೊಂದು ಸರಿದಂತಾಯಿತೆನ್ನುವನು. ಇನ್ನೊಬ್ಬನು, ತಾಮ್ರವೆಂದರೆ ತಾಮ್ರವೇ, ವಿದ್ಯುಚ್ಛಾಸ್ತ್ರದ ಪ್ರಕಾರ ಭೇದವಿರುವುದು ಅಸಂಭವ, ಇಲ್ಲದುದನ್ನು ಕೇಳಲು ತಾನೇಕೆ ಬರಬೇಕು ಎಂದು ಕುರ್ಚಿಯಿಂದ ಏಳುವುದೇ ಇಲ್ಲ. ಮೊದಲನೆಯವನು ಕಿವಿಯ ಹೆಸರಿನಲ್ಲಿ ಮಾತಾಡುವನು. ಎರಡನೆಯವನು ಗಣಿತದ ಹೆಸರಿನಲ್ಲಿ. ವರುಷಗಟ್ಟಲೆ ನಡೆದ ಇಂಥ ವಾದದಲ್ಲಿ ಸ್ನೇಹಗಳು ಮುರಿಯುವುದುಂಟು. ತಂತಿ ಮಾತ್ರ ಇದ್ದಲ್ಲಿಯೇ ಇರುವುದು. ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳನ್ನು ನಾಲ್ಕಾಗಿ ಎಣಿಸಿದರು. ಶಬ್ದವೆಂದರೆ ಅಲ್ಲಿ ಆಪ್ತರ ಮಾತು. ಶಬ್ದವನ್ನು ಕುರಿತ ಈ ಜಗಳವು ಬಹುಮಟ್ಟಿಗೆ ಶಬ್ದಪ್ರಮಾಣದ ಮೇಲೆಯೇ ನಡೆಯುವುದೊಂದು ವಿನೋದ. ಒಬ್ಬನಿಗೆ ಪತ್ರಿಕೆಯ ವಿಮರ್ಶಕನು ಆಪ್ತ, ಇನ್ನೊಬ್ಬನಿಗೆ ಪಠ್ಯಪುಸ್ತಕ. ಪ್ರತ್ಯಕ್ಷವನ್ನು ಇಬ್ಬರೂ ಹೊಸಿಲ ಹೊರಗೆ ನಿಲ್ಲಿಸಿರುವರು.

ಕುರ್ಚಿಯ ಮೇಲಿನ ಸಿದ್ಧಾಂತಿಯನ್ನು ಹಗುರವಾಗಿ ಎಣಿಸಲಾಗದು. ತಂತಿಯ ವಿಷಯದಲ್ಲಿ ಬಹುಶಃ ಅವನ ಮಾತೇ ದಿಟ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦ ರಿಂದ ೨೦,೦೦೦ ಕಂಪನಗಳವರೆಗಿನ ನಾದವನ್ನು ಮಾತ್ರ ಗ್ರಹಿಸಬಲ್ಲದು. ವಯಸ್ಸಾದಂತೆ ಮೇಲಿನ ಎಲ್ಲೆಯು ಕೆಳಗಿಳಿಯುತ್ತ ಬರುವುದು. ಇಷ್ಟನ್ನು ಅರಿತವನು ಅನೇಕ ಬಣ್ಣದ ಜಾಹೀರಾತುಗಳಿಂದ ತನ್ನ ಹಣದ ಚೀಲವನ್ನು ಕಾಪಾಡಿಕೊಳ್ಳಬಲ್ಲನು. ಆದರೆ ಸಿದ್ಧಾಂತವು ತಾನು ಅಳೆದುದನ್ನಷ್ಟೇ ಬಲ್ಲದು. ೧೯೬೦ ರ ದಶಕದಲ್ಲಿ ವಾಲ್ವುಗಳ ಆಂಪ್ಲಿಫೈಯರಿನ ಸ್ಥಾನಕ್ಕೆ ಟ್ರಾನ್ಸಿಸ್ಟರಿನವು ಬಂದವು. ಕಾಗದದ ಮೇಲೆ ಅವುಗಳ ವಿಕೃತಿಯ ಅಂಕಿಗಳು ಅತ್ಯಲ್ಪವಾಗಿದ್ದುವು. ಆದರೂ ಅವುಗಳಲ್ಲಿ ಹಲವು ಕೇಳುವುದಕ್ಕೆ ಒರಟೆಂದು ರಸಿಕರು ದೂರಿದರು. ಇದನ್ನು ಹಳೆಯದರ ಮೇಲಿನ ಮೋಹವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ನಿಜವಾದ ಕಾರಣ ಬೇರೆ. ಆ ಯಂತ್ರಗಳಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನ ಅರ್ಧವನ್ನು ಇನ್ನೊಂದೂ ಹೊರುವುವು. ಒಂದು ತನ್ನ ಹೊರೆಯನ್ನು ಇನ್ನೊಂದಕ್ಕೆ ದಾಟಿಸುವ ಕ್ಷಣದಲ್ಲಿ ಅಲೆಯಲ್ಲಿ ಒಂದು ಸಣ್ಣ ಸೊಟ್ಟು ಬೀಳುವುದು. ಯಂತ್ರವನ್ನು ಪೂರ್ಣಶಕ್ತಿಯಲ್ಲಿ ಓಡಿಸಿ ಅಳೆದಾಗ, ದೊಡ್ಡ ಅಲೆಯ ಮುಂದೆ ಆ ಸೊಟ್ಟು ಲೆಕ್ಕಕ್ಕೆ ಬಾರದು. ಮನೆಯಲ್ಲಿ ಇರುಳು ಮೆಲ್ಲಗೆ ಹಾಡು ಹಚ್ಚಿದಾಗ ಅಲೆಯು ಕಿರಿದಾಗುವುದು, ಸೊಟ್ಟು ಮಾತ್ರ ಇದ್ದಷ್ಟೇ ಇರುವುದು. ಅಳತೆಯೇನೂ ಸುಳ್ಳಾಗಿರಲಿಲ್ಲ, ಜನರು ಕೇಳುವ ಎಡೆಯಲ್ಲಿ ಅಳೆದಿರಲಿಲ್ಲ, ಅಷ್ಟೆ.

ಇದೇ ಬಗೆಯ ಇನ್ನೊಂದು ಸಂಗತಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ೧೯೮೦ ರ ದಶಕದ ಕೊನೆಯಲ್ಲಿ ನಡೆಯಿತು. ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ, ಧ್ವನಿಯನ್ನು ಅಂಕಿಗಳಾಗಿ ಬರೆದಿಡುವಾಗ ಕಿವಿಗೆ ನಿಲುಕದ ಅಂಶವನ್ನು ಕೈಬಿಟ್ಟು ಉಳಿದುದನ್ನು ಮಾತ್ರ ಇಟ್ಟುಕೊಳ್ಳುವ ಉಪಾಯವೊಂದನ್ನು ರೂಪಿಸುತ್ತಿದ್ದರು. ಮುಂದೆ ಎಂಪಿ೩ ಎಂಬ ಹೆಸರಿನಿಂದ ಲೋಕವನ್ನೆಲ್ಲ ತುಂಬಿದುದು ಇದೇ. ಲೆಕ್ಕ ಸರಿಯಾಗಿತ್ತು; ವಾದ್ಯಗೋಷ್ಠಿಗಳು ಚೆನ್ನಾಗಿಯೇ ಹೊರಬರುತ್ತಿದ್ದುವು. ಆಗ, ಅಮೆರಿಕದ ಗಾಯಕಿ ಸುಜಾನ್ ವೇಗಾ ಯಾವ ವಾದ್ಯದ ನೆರವೂ ಇಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಎಂಬ ಹಾಡನ್ನು ಸ್ಪೀಕರುಗಳ ಪರೀಕ್ಷೆಗೆ ರಸಿಕರು ಬಳಸುವರೆಂದು ಬ್ರಾಂಡೆನ್‌ಬುರ್ಗರು ಒಂದು ಪತ್ರಿಕೆಯಲ್ಲಿ ಓದಿದರು. ಅದನ್ನೇ ತಮ್ಮ ಯಂತ್ರಕ್ಕೆ ಕೊಟ್ಟು ನೋಡಿದರು. ಉಳಿದುದೆಲ್ಲವನ್ನೂ ಅಂದವಾಗಿ ಹಾಡಿದ ಯಂತ್ರದಲ್ಲಿ ಆ ಒಂಟಿ ಕಂಠವು ಕೆಟ್ಟುಹೋಗಿ ಬಂದಿತು. ಆ ಬಳಿಕ ಅದೊಂದೇ ಹಾಡನ್ನು ಅವರು ನೂರಾರು ಸಲ ಕೇಳಿ, ಕೇಳಿದುದಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದಿದರು. ಕುರ್ಚಿಯಿಂದ ಏಳದಿದ್ದರೆ ಆ ಲೆಕ್ಕದ ದೋಷವು ಲೆಕ್ಕದೊಳಗೆಯೇ ಅಡಗಿರುತ್ತಿತ್ತು.

ಹಾಗಾದರೆ ಕಿವಿಯೇ ಗೆದ್ದಿತೆಂದು ಮೊದಲನೆಯ ಗೆಳೆಯನು ಹಿಗ್ಗಬೇಕಾಗಿಲ್ಲ. ಅವನು ಕೇಳಿದ್ದೇನೋ ದಿಟ. ಆದರೆ ಎಂತು ಕೇಳಿದನು? ಅಮೆರಿಕದಲ್ಲಿ ೧೯೧೫ ರಿಂದ ಮುಂದೆ ಸುಮಾರು ಹತ್ತು ವರುಷ ಎಡಿಸನ್ನರ ಸಂಸ್ಥೆಯವರು ಊರೂರಿಗೆ ಗಾಯಕರನ್ನು ಕಳುಹಿಸಿ ಸಭೆಗಳನ್ನು ನಡೆಯಿಸಿದರು. ಗಾಯಕಿಯು ರಂಗದ ಮೇಲೆ ಗ್ರಾಮಾಫೋನಿನ ಪಕ್ಕದಲ್ಲಿ ನಿಂತು ಹಾಡುವಳು. ನಡುವೆ ಬಾಯಿ ಮುಚ್ಚುವಳು. ಹಾಡು ಯಂತ್ರದಿಂದ ಮುಂದುವರಿಯುವುದು. ದೀಪಗಳನ್ನು ಆರಿಸುವರು, ಮತ್ತೆ ಬೆಳಗಿಸಿದಾಗ ಗಾಯಕಿಯು ಅಲ್ಲಿರಳು, ಹಾಡು ಮಾತ್ರ ಸಾಗಿರುವುದು. ಸಭೆಯು ಬೆರಗಾಗುತ್ತಿತ್ತು, ಕಂಠಕ್ಕೂ ತಟ್ಟೆಗೂ ಭೇದ ತಿಳಿಯದೆಂದು ಪತ್ರಿಕೆಗಳು ಬರೆದುವು. ಆ ತಟ್ಟೆಗಳಾದರೋ ಮೈಕ್ರೋಫೋನು ಬಳಕೆಗೆ ಬರುವ ಮುನ್ನ, ತಗಡಿನ ಕೊಂಬಿನ ಮುಂದೆ ಹಾಡಿಸಿ ತೆಗೆದವು. ಈಗಿನ ಮಕ್ಕಳು ಕೂಡ ಅವನ್ನು ಒಂದು ಗಳಿಗೆಯಲ್ಲಿ ಗುರುತಿಸಿಯಾರು. ಆ ಸಭೆಗಳಲ್ಲಿ ಹಾಡಿದ ಆನಾ ಕೇಸ್ ಎಂಬಾಕೆ ತನ್ನ ಇಳಿವಯಸ್ಸಿನಲ್ಲಿ, ೧೯೭೨ ರಲ್ಲಿ, ತಾನು ಯಂತ್ರಕ್ಕೆ ಹೊಂದುವಂತೆ ಕಂಠವನ್ನು ಅಳವಡಿಸಿಕೊಂಡು ಹಾಡುತ್ತಿದ್ದುದನ್ನು ತಿಳಿಸಿದಳು. ಯಂತ್ರವು ಗಾಯಕಿಯನ್ನು ಅನುಕರಿಸುವುದನ್ನು ಕೇಳಲು ಜನರು ಬಂದಿದ್ದರು. ಕೇಳಿಹೋದುದು ಗಾಯಕಿಯು ಯಂತ್ರವನ್ನು ಅನುಕರಿಸಿದುದನ್ನು. ಅಂದ ಹಾಗೆ, ಎಡಿಸನ್ನರಿಗೆ ಕಿವಿ ಬಲು ಮಂದವಾಗಿತ್ತು. ಗ್ರಾಮಾಫೋನಿನ ಮರವನ್ನು ಹಲ್ಲಿನಿಂದ ಕಚ್ಚಿ ಅದರ ನಾದವನ್ನು ಅವರು ಅರಿಯುತ್ತಿದ್ದರು. ಹಲ್ಲಿನಿಂದಲಾದರೂ ಸ್ವತಃ ಪರೀಕ್ಷಿಸಿದವರೆಂದು ಅವರನ್ನು ಮೆಚ್ಚಬೇಕು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆಯುಂಟು. ಶ್ರವಣದ ವಿಷಯದಲ್ಲಿ ಇದಕ್ಕಿಂತ ಬೇಕಾದ ಎಚ್ಚರಿಕೆ ಮತ್ತೊಂದಿಲ್ಲ; ಏಕೆಂದರೆ ಮನುಷ್ಯನು ಕಣ್ಣಿನಿಂದಲೂ ಕೇಳುವನು, ಬೆಲೆಚೀಟಿಯಿಂದಲೂ ಕೇಳುವನು. ೧೯೯೪ ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬವರು ಹಾರ್ಮನ್ ಎಂಬ ಅಮೆರಿಕದ ಸ್ಪೀಕರು ಕಾರ್ಖಾನೆಯ ನಾಲ್ವತ್ತು ಮಂದಿ ನೌಕರರನ್ನು ಕೂರಿಸಿ ನಾಲ್ಕು ಬಗೆಯ ಸ್ಪೀಕರುಗಳನ್ನು ಕೇಳಿಸಿದರು. ಒಮ್ಮೆ ತೆರೆಯ ಮರೆಯಲ್ಲಿ, ಒಮ್ಮೆ ಕಣ್ಣೆದುರಿನಲ್ಲಿ. ನಾಲ್ಕರಲ್ಲಿ ಮೂರು ದೊಡ್ಡವು, ನೋಡುವುದಕ್ಕೆ ಗಂಭೀರವಾದವು. ಒಂದು ಚಿಕ್ಕದು, ಅಗ್ಗದ್ದು, ಪ್ಲಾಸ್ಟಿಕ್ಕಿನದು. ಮರೆಯಲ್ಲಿದ್ದಾಗ ಆ ಚಿಕ್ಕದು ದೊಡ್ಡವುಗಳೊಡನೆ ಮರ್ಯಾದೆಯಿಂದ ನಿಂತಿತು. ತೆರೆ ಸರಿದು ಅದರ ಮೈ ಕಂಡೊಡನೆ ಅದಕ್ಕೆ ದೊರೆತ ಅಂಕಗಳು ಕುಸಿದುವು, ದೊಡ್ಡವುಗಳದು ಏರಿದುವು. ಇಷ್ಟು ಎಲ್ಲರೂ ಊಹಿಸಬಹುದಾದುದೇ. ಇದಕ್ಕಿಂತ ಸೋಜಿಗವಾದುದು ಬೇರೊಂದು. ಅದೇ ಸ್ಪೀಕರನ್ನು ಕೋಣೆಯಲ್ಲಿ ಸ್ವಲ್ಪ ಜರುಗಿಸಿದರೆ ಅದರ ನಾದವು ನಿಜವಾಗಿಯೂ ಬದಲಾಗುವುದು. ಮರೆಯಲ್ಲಿ ಕೇಳಿದಾಗ ಈ ಬದಲಾವಣೆಯನ್ನು ಗಮನಿಸಿದ ಜನರೇ, ಕಣ್ಣೆದುರಿಗಿಟ್ಟು ಕೇಳಿದಾಗ ಅದನ್ನು ಬಹುಮಟ್ಟಿಗೆ ಗಮನಿಸದೆ ಹೋದರು. ಹಗ್ಗದಲ್ಲಿ ಹಾವನ್ನು ಕಂಡವನ ಕಥೆ ಎಲ್ಲರಿಗೂ ತಿಳಿದುದು; ಇಲ್ಲಿ ಹಾವನ್ನು ಕಂಡ ಗಾಬರಿಯಲ್ಲಿ ಕಾಲ ಬಳಿಯ ಹಳ್ಳವೂ ಕಾಣದೆ ಹೋಯಿತು. ಆ ನೌಕರರೇನೂ ಅಜ್ಞರಲ್ಲ. ಧ್ವನಿಯ ವ್ಯಾಪಾರದಲ್ಲಿಯೇ ಅನ್ನ ಉಣ್ಣುವವರು.

ಆದುದರಿಂದ ಇಬ್ಬರು ಗೆಳೆಯರಿಗೂ ಮಾಡುವ ಕೆಲಸವುಂಟು, ಅದು ಕಠಿನವೂ ಅಲ್ಲ. ಮೊದಲು ಎರಡು ಸಲಕರಣೆಗಳ ಗಟ್ಟಿತನವನ್ನು ವೋಲ್ಟ್‌ಮೀಟರಿನಿಂದ ಸರಿದೂಗಿಸಬೇಕು. ವೋಲ್ಟಿನ ಅಂತರವು ನೂರಕ್ಕೆ ಒಂದನ್ನು ಮೀರಬಾರದು. ತುಸು ಗಟ್ಟಿಯಾದುದು ಕಿವಿಗೆ ಗಟ್ಟಿಯೆಂದು ತೋರದೆ ಇಂಪೆಂದು ತೋರುವುದು. ಅಂಗಡಿಯವರು ಇದನ್ನು ಬಹುಕಾಲದಿಂದ ಬಲ್ಲರು. ಬಳಿಕ ಒಂದು ತೆರೆಯನ್ನು ಕಟ್ಟಿ, ಯಾವುದು ನುಡಿಯಬೇಕೆಂಬುದನ್ನು ಪ್ರತಿಯೊಂದು ಸಲವೂ ನಾಣ್ಯವನ್ನು ಚಿಮ್ಮಿ ಗೊತ್ತುಮಾಡಬೇಕು. ಬದಲಾಯಿಸುವ ಕೆಲಸವನ್ನು ಮನೆಯ ಹುಡುಗನೊಬ್ಬನಿಗೆ ಒಪ್ಪಿಸಬಹುದು. ಆದರೆ ಅವನ ಮುಖವು ಕೇಳುವವರಿಗೆ ಕಾಣಕೂಡದು, ಮುಖವೇ ಉತ್ತರವನ್ನು ಹೇಳಿಬಿಡುವುದು. ಹತ್ತು ಸಲದಲ್ಲಿ ಏಳು ಸಲ ಸರಿಯಾಗಿ ಹೇಳಿದೆನೆಂದು ಬೀಗುವವನು ಸ್ವಲ್ಪ ತಾಳಬೇಕು. ಏನನ್ನೂ ಕೇಳದೆ ಬಾಯಿಗೆ ಬಂದುದನ್ನು ಹೇಳಿದರೂ ಆರು ಮಂದಿಯಲ್ಲಿ ಒಬ್ಬನಿಗೆ ಅಷ್ಟು ಸಿಕ್ಕುವುದು. ಹದಿನಾರು ಸಲದಲ್ಲಿ ಹನ್ನೆರಡು ಸರಿಯಾದರೆ ಮಾತು ಬೇರೆ. ಬರಿಯ ಅದೃಷ್ಟದಿಂದ ಅದು ನೂರರಲ್ಲಿ ನಾಲ್ವರಿಗೂ ದೊರೆಯದು.

ಪರೀಕ್ಷೆಯೆಂದೊಡನೆ ಮನಸ್ಸು ಬಿಗಿಯುವುದು, ಸೂಕ್ಷ್ಮವಾದ ಭೇದವು ವಾರಗಟ್ಟಲೆಯ ಒಡನಾಟದಿಂದಲ್ಲದೆ ತಿಳಿಯದು ಎಂದು ಕೆಲವರು ಆಕ್ಷೇಪಿಸುವರು. ಇದು ಅನ್ಯಾಯದ ಮಾತಲ್ಲ. ಅಂಥವರು ತಿಂಗಳನ್ನೇ ತೆಗೆದುಕೊಳ್ಳಲಿ. ಸಲಕರಣೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ದಿನಕ್ಕೊಂದು ಹಾಡನ್ನು ಕೇಳಲಿ. ಹೆಸರನ್ನು ಮರೆಮಾಡುವುದಕ್ಕೂ ಅವಸರಪಡುವುದಕ್ಕೂ ಯಾವ ನಂಟೂ ಇಲ್ಲ. ದಿಟದಲ್ಲಿ ಹಲವರನ್ನು ತಡೆಯುವುದು ಈ ಬಿಗಿತವಲ್ಲ. ಸಾವಿರಾರು ರೂಪಾಯಿಯನ್ನು ತೆತ್ತು ತಂದುದು ತೆರೆಯ ಹಿಂದೆ ಹೋದ ಮೇಲೆ ಏನಾಗುವುದೋ ಎಂಬ ಭಯ. ಕುರ್ಚಿಯವನಿಗೂ ತನ್ನದೇ ಆದ ಭಯವುಂಟು: ಒಂದು ವೇಳೆ ಹದಿನಾರಕ್ಕೆ ಹದಿನಾರೂ ಸರಿಯಾಗಿಬಿಟ್ಟರೆ?

ಪರೀಕ್ಷೆಗಳೂ ಎಡವುವುದುಂಟು, ಅದನ್ನು ಮುಚ್ಚಿಡಲಾಗದು. ೧೯೯೦ ರ ದಶಕದ ಮೊದಲಲ್ಲಿ ಸ್ವೀಡನ್ನಿನ ರೇಡಿಯೋ ಸಂಸ್ಥೆಯವರು, ಧ್ವನಿಯನ್ನು ಕಿರಿದುಮಾಡಿ ಕಳುಹಿಸುವ ಉಪಾಯಗಳಲ್ಲಿ ಒಂದನ್ನು ಆರಿಸಲು ಅರುವತ್ತಕ್ಕೂ ಹೆಚ್ಚು ಮಂದಿ ನಿಪುಣರಿಂದ ಸುಮಾರು ೨೦,೦೦೦ ಸಲ ಮರೆಯ ಪರೀಕ್ಷೆಯನ್ನು ಮಾಡಿಸಿದರು. ಅಷ್ಟಾಗಿ ತೇರ್ಗಡೆಯಾದುದರ ಒಂದು ಮಾದರಿಯು ಸ್ಪೀಕರುಗಳ ನಿರ್ಮಾಣದಲ್ಲಿ ಬಾಳನ್ನು ಸವೆಸಿದ ಬಾರ್ಟ್ ಲೊಕಾಂತಿ ಎಂಬವರ ಕೈಗೆ ಬಂದಿತು. ಅವರು ಕೇಳಿ, ಸೆಕೆಂಡಿಗೆ ೧,೫೦೦ ಕಂಪನಗಳ ಸಣ್ಣ ಸಿಳ್ಳೊಂದು ಒಳಗೆ ಸೇರಿಕೊಂಡಿದೆಯೆಂದರು. ಅವರು ತೋರಿಸಿಕೊಟ್ಟ ಬಳಿಕ ಉಳಿದವರಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ಹುಡುಕಬೇಕಾದುದೇನೆಂದು ತಿಳಿಯದ ಕಿವಿಯು ಇದಿರಿಗಿರುವುದನ್ನೂ ದಾಟಿಹೋಗುವುದು. ಆದರೆ ಲೊಕಾಂತಿಯವರು ಇದನ್ನು ಕಂಡುಹಿಡಿದುದು ಕುಳಿತು ವಾದಿಸಿಯಲ್ಲ, ಕೇಳಿ.

ಕೊನೆಯದಾಗಿ ಬಾಸ್ಟನ್ನಿನ ಸಂಗತಿ. ಸಾಧಾರಣವಾದ ಸಿಡಿ ತಟ್ಟೆಗಿಂತ ಹೆಚ್ಚು ಸೂಕ್ಷ್ಮವೆಂದು ಹೇಳಿಕೊಂಡ ಹೊಸ ತಟ್ಟೆಗಳು ಈ ಶತಮಾನದ ಆರಂಭದಲ್ಲಿ ಮಾರಾಟಕ್ಕೆ ಬಂದಿದ್ದುವು. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೋರನ್ ಎಂಬವರು ಅವುಗಳ ಧ್ವನಿಯ ದಾರಿಯಲ್ಲಿ, ಅದನ್ನು ಸಿಡಿಯ ಮಟ್ಟಕ್ಕೆ ಇಳಿಸುವ ಉಪಕರಣವೊಂದನ್ನು ಒಮ್ಮೆ ಸೇರಿಸಿ ಒಮ್ಮೆ ತೆಗೆದು, ಗಟ್ಟಿತನವನ್ನು ಸರಿದೂಗಿಸಿ, ಒಂದು ವರುಷಕ್ಕೂ ಮೇಲ್ಪಟ್ಟು ಹಲವರಿಗೆ ಕೇಳಿಸಿದರು. ೨೦೦೭ ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ೫೫೪ ಉತ್ತರಗಳಲ್ಲಿ ಸರಿಯಾದುವು ೨೭೬. ನಾಣ್ಯವನ್ನು ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಸಿದ್ಧಾಂತಿಯು ಇಲ್ಲಿಗೆ ಪುಸ್ತಕವನ್ನು ಮುಚ್ಚಿ ನಗಬಹುದು. ಆದರೆ ಅವರಿಬ್ಬರು ಅದೇ ಲೇಖನದಲ್ಲಿ ಮತ್ತೊಂದು ಮಾತನ್ನೂ ಬರೆದರು: ಆ ಹೊಸ ತಟ್ಟೆಗಳು ಬಹುಪಾಲು ಸಿಡಿಗಳಿಗಿಂತ ಕೇಳುವುದಕ್ಕೆ ನಿಜವಾಗಿಯೂ ಮೇಲಾಗಿದ್ದುವು. ಮೇಲ್ಮೆಗೆ ಕಾರಣ ಆ ಹೆಚ್ಚಿನ ಸೂಕ್ಷ್ಮತೆಯಲ್ಲ. ಅವನ್ನು ಕೊಳ್ಳುವವರು ಕಿವಿಗೊಟ್ಟು ಕೇಳುವರೆಂದು ತಿಳಿದು ಶಿಲ್ಪಿಗಳು ಧ್ವನಿಯನ್ನು ಹೆಚ್ಚು ಎಚ್ಚರಿಕೆಯಿಂದ ಸಿದ್ಧಪಡಿಸಿದ್ದರು. ಹೊಸ ತಟ್ಟೆಯೇ ಚೆಂದವೆಂದು ಸಾಧಿಸುತ್ತಿದ್ದವರ ಕಿವಿಯು ಸುಳ್ಳಾಡಿರಲಿಲ್ಲ, ಅವರು ಹೇಳುತ್ತಿದ್ದ ಕಾರಣವಷ್ಟೇ ತಪ್ಪಾಗಿತ್ತು. ಭೇದವು ಅಸಂಭವವೆಂದು ಕುಳಿತಿದ್ದವರಾದರೋ ಆ ತಟ್ಟೆಗಳನ್ನು ಕೇಳಿಯೇ ಇರಲಿಲ್ಲ.