ಒಂದು ಡಬ್ಬಿ ಕೇಪು

ನಮ್ಮ ಮನೆಯಲ್ಲಿ ಮೂರು ಕೋವಿಗಳಿದ್ದವು. ಎರಡು ಜಗಲಿಯ ಗೋಡೆಯ ಗೂಟಗಳ ಮೇಲೆ, ಒಂದು ಅಡುಗೆಮನೆಗೆ ಹೋಗುವ ಕತ್ತಲೆ ಓಣಿಯ ಮೂಲೆಯಲ್ಲಿ. ಜಗಲಿಯವು ತೋಟಾ ಕೋವಿಗಳು: ಒಂಟಿ ನಳಿಗೆಯದು ಒಂದು, ಜೋಡಿ ನಳಿಗೆಯದು ಒಂದು. ಬಂದ ನೆಂಟರ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು, ಹಾಗೆ ಇಟ್ಟಿದ್ದರು ಅಪ್ಪಯ್ಯ. ಮೂಲೆಯದು ಅಜ್ಜಯ್ಯನ ಕೇಪಿನ ಕೋವಿ. ಅದನ್ನು ನೆಂಟರಿಗೆ ತೋರಿಸುವುದಿರಲಿ, ಅದರ ಸುದ್ದಿ ಬಂದರೂ ಅಪ್ಪಯ್ಯ ಅಡಿಕೆ ಧಾರಣೆಯ ಕಡೆಗೆ ಮಾತು ತಿರುಗಿಸುತ್ತಿದ್ದರು.

ನನಗೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ನನಗಿಂತ ಉದ್ದ, ಹೆಣಭಾರ. ಒಂದು ಈಡು ಹೊಡೆದರೆ ಅಂಗಳದ ತುಂಬ ಹೊಗೆ, ಅಂಗಿಗೆಲ್ಲ ಕೊಳೆತ ಮೊಟ್ಟೆಯ ವಾಸನೆ. ಮಳೆಗಾಲದಲ್ಲಂತೂ ಅದರ ಹಣೆಬರಹ ಕೇಳುವುದೇ ಬೇಡ. ಕೇಪು 'ಟಪ್' ಎನ್ನುವುದು, ಒಳಗಿನ ಮದ್ದು ಸುಮ್ಮನಿರುವುದು. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಡುಗರು ಅದಕ್ಕೆ 'ಒನಕೆ' ಎಂದು ಹೆಸರಿಟ್ಟಿದ್ದರು. ಅವರ ಮನೆಗಳಲ್ಲೂ ಒಂದೊಂದು ಒನಕೆ ಇತ್ತು ಎಂಬುದು ಬೇರೆ ಮಾತು. ಅವರು ಅದನ್ನು ಅಟ್ಟ ಹತ್ತಿಸಿದ್ದರು, ನಮ್ಮ ಅಜ್ಜಯ್ಯ ಹತ್ತಿಸಿರಲಿಲ್ಲ, ಅಷ್ಟೇ ವ್ಯತ್ಯಾಸ.

ತೇಜಸ್ವಿಯವರನ್ನು ಓದಿದವರಿಗೆ ಮಲೆನಾಡಿನ ಕೋವಿಯ ಪರಿಚಯ ಮಾಡಿಸಬೇಕಾಗಿಲ್ಲ. ಓದದವರಿಗಾಗಿ ಎರಡು ಮಾತು. ತೋಟಾ ಕೋವಿಯನ್ನು ನಡುವಿಗೆ ಮುರಿದು, ಹಿಂದಿನಿಂದ ತೋಟಾ ತುರುಕಿ, ಮುಚ್ಚಿದರೆ ಮುಗಿಯಿತು. ಕೇಪಿನ ಕೋವಿಗೆ ಎಲ್ಲವೂ ಮುಂದಿನ ಬಾಯಿಯಿಂದಲೇ ಹೋಗಬೇಕು. ಅಜ್ಜಯ್ಯ ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಬಿದಿರಿನ ಅಳತೆಯಲ್ಲಿ ಮದ್ದು ಸುರಿದು, ಮೇಲೆ ತೆಂಗಿನ ಕತ್ತದ ಉಂಡೆ ತುರುಕಿ, ಗಜದಿಂದ ಜಡಿಯುತ್ತಿದ್ದರು. ಗಜ ತಾನಾಗಿ ಕುಣಿದು ಮೇಲೆ ಪುಟಿಯುವವರೆಗೂ ಜಡಿಯಬೇಕು. ಆಮೇಲೆ ಚರೆ, ಮತ್ತೆ ಕತ್ತ, ಮತ್ತೆ ಗಜ. ಎಲ್ಲ ಮುಗಿದ ಮೇಲೆ ಕುದುರೆಯನ್ನು, ಅಂದರೆ ಕುಟ್ಟುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆದು, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ತಾಮ್ರದ ಟೋಪಿಯೊಂದನ್ನು ನಳಿಗೆಯ ಬುಡದ ಮೂತಿಗೆ ತೊಡಿಸುವುದು. ಆ ಟೋಪಿಯೇ ಕೇಪು. ಕುದುರೆ ಅದರ ತಲೆಗೆ ಕುಟ್ಟಿದಾಗ ಹಾರುವ ಕಿಡಿ ಒಳಗೆ ಹೋಗಿ ಮದ್ದಿಗೆ ತಾಗುತ್ತದೆ. ಇಷ್ಟಕ್ಕೂ ಅಜ್ಜಯ್ಯ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಅಜ್ಜಮ್ಮ ಎರಡು ಎಮ್ಮೆ ಕರೆದು ಬರುತ್ತಿದ್ದರು.

ಈ ಕೇಪಿನ ಹಿಂದೆ ಒಬ್ಬ ಪಾದ್ರಿ ಇದ್ದಾನೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್. ಅವನಿಗೆ ನೀರುಹಕ್ಕಿಗಳ ಶಿಕಾರಿಯ ಹುಚ್ಚು. ಆಗಿನ ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಹೊರಗೆ ಕಿಡಿ ಮಿಂಚಿ, ಒಂದು ಗಳಿಗೆ ತಡೆದು ಈಡು ಹಾರುತ್ತಿತ್ತು. ಮಿಂಚು ಕಂಡದ್ದೇ ಹಕ್ಕಿಗಳು ಪರಾರಿ. ಅದಕ್ಕೆ ಉಪಾಯ ಹುಡುಕುತ್ತಾ ಹೋದವನು, ಕುಟ್ಟಿದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಹೊಂದಿಸಿ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಟೋಪಿ ಬಂದದ್ದು ಅದರ ಬೆನ್ನಿಗೆ. 1857ರ ದಂಗೆಗೆ ಕಿಡಿ ಹಚ್ಚಿದ ಎನ್‌ಫೀಲ್ಡ್ ಬಂದೂಕು ಇದೆಯಲ್ಲ, ಹಲ್ಲಿನಿಂದ ಕಾಗದದ ತೋಟಾ ಕಚ್ಚಬೇಕು, ಅದಕ್ಕೆ ಹಸುವಿನದೋ ಹಂದಿಯದೋ ಕೊಬ್ಬು ಸವರಿದ್ದಾರೆ ಎಂದು ಸಿಪಾಯಿಗಳು ಸಿಡಿದೆದ್ದದ್ದು, ಅದೂ ಬಾಯಿಂದ ತುಂಬುವ ಕೇಪಿನ ಕೋವಿಯೇ. ಸೈನ್ಯಗಳು ಅದನ್ನು ಬಿಟ್ಟು ನೂರೈವತ್ತು ವರ್ಷವಾದರೂ ಮಲೆನಾಡಿನ ಗದ್ದೆಯ ಬದಿಯಲ್ಲಿ ಅದು ಉಳಿದುಕೊಂಡಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಅದಕ್ಕೊಂದು ಜಾಗ ಸಿಕ್ಕಿದೆ. ಬೆಳೆ ಕಾಯಲಿಕ್ಕೆ ಬಾಯಿಂದ ತುಂಬುವ ಕೋವಿ ಬೇಕೆನ್ನುವವನ ಲೈಸೆನ್ಸಿನ ಮಾತನ್ನು ಕಾಯ್ದೆ ಬೇರೆಯಾಗಿಯೇ ಎತ್ತುತ್ತದೆ.

ಅಜ್ಜಯ್ಯ ಅದರಲ್ಲಿ ಹೊಡೆಯುತ್ತಿದ್ದದ್ದು ಹೆಚ್ಚಾಗಿ ಹುಸಿ ಈಡು. ಮದ್ದು, ಕತ್ತ, ಅಷ್ಟೇ. ಚರೆ ಇಲ್ಲ. ಬಾಳೆಗೊನೆಗೆ ಮಂಗಗಳ ಹಿಂಡು ಇಳಿದರೆ ಆಕಾಶಕ್ಕೆ ಒಂದು. ಮಂಗನಿಗೆ ಚರೆ ಹೊಡೆಯುವುದನ್ನು ಅವರು ಒಪ್ಪುತ್ತಿರಲಿಲ್ಲ. ಹನುಮಂತ ಎನ್ನುವುದು ಒಂದು ಕಾರಣ. ಇನ್ನೊಂದು, ನಮ್ಮ ಕಡೆಯವರಿಗೆ ಸತ್ತ ಮಂಗ ಕಂಡರೆ ಇರುವ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಶುರುವಾದ ಮಂಗನ ಕಾಯಿಲೆ ನಮ್ಮ ಸೀಮೆಯಲ್ಲಿ ಎಷ್ಟು ಮನೆಗಳ ದೀಪ ಆರಿಸಿತೆಂಬುದು ಅವರಿಗೆ ಗೊತ್ತಿತ್ತು. ಮಂಗ ಬದುಕಿ ಪಕ್ಕದವರ ತೋಟಕ್ಕೆ ಹೋದರೆ ಸಾಕು ಎನ್ನುವುದು ಅವರ ನೀತಿ. ಪಕ್ಕದವರೂ ಅಷ್ಟೇ, ಒಂದು ಹುಸಿ ಈಡು ಹೊಡೆದು ನಮ್ಮ ಕಡೆಗೆ ಅಟ್ಟುತ್ತಿದ್ದರು. ಹೀಗೆ ಮಂಗಗಳು ಊರಿಡೀ ಊಟಕ್ಕೆ ಹೋಗಿ ಬರುತ್ತಿದ್ದವು.

ಭತ್ತ ತೆನೆಗಟ್ಟುವ ಹೊತ್ತಿಗೆ ರಾತ್ರಿ ಮಾಳ ಕಾಯುವುದು, ಅಂದರೆ ಗದ್ದೆಯ ಕಾವಲು ಗುಡಿಸಲಲ್ಲಿ ರಾತ್ರಿ ಕಳೆಯುವುದು. ನಾನು ಕಂಬಳಿ ಹೊದ್ದು ಅಜ್ಜಯ್ಯನ ಪಕ್ಕ ಮಲಗುತ್ತಿದ್ದೆ. ದೂರದಲ್ಲೆಲ್ಲೋ 'ಢಮ್' ಎಂದರೆ ಅವರು ಕತ್ತಲೆಯಲ್ಲೇ ಹೇಳುತ್ತಿದ್ದರು, "ಅದು ಮೇಲಿನಮನೆಯವರದ್ದು. ಮದ್ದು ಕಮ್ಮಿ ಹಾಕ್ತಾನೆ, ಜಿಪುಣ." ಮತ್ತೊಂದು ಈಡು ಗುಡ್ಡಕ್ಕೆ ಬಡಿದು ಎರಡು ಸಲ ಕೇಳಿದರೆ, "ಹೊಳೆಯಾಚೆಯದ್ದು. ಹಂದಿ ಈ ಕಡೆ ದಾಟ್ತದೆ, ನೋಡ್ತಿರು." ಒಂದೊಂದು ಮನೆಯ ಕೋವಿಗೂ ಒಂದೊಂದು ದನಿ. ನಳಿಗೆಯ ಉದ್ದ, ಮದ್ದಿನ ಅಳತೆ, ಕತ್ತ ಜಡಿಯುವ ಕೈಯ ಬಿಗಿ ಎಲ್ಲ ಸೇರಿ ಆದ ದನಿ. ತೋಟಾ ಕೋವಿಗಳಿಗೆ ಅದಿಲ್ಲ. ಕಾರ್ಖಾನೆಯಲ್ಲಿ ತುಂಬಿದ ತೋಟಾ ಯಾರ ಕೈಯಲ್ಲಿ ಹಾರಿದರೂ ಒಂದೇ ಸದ್ದು. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಆಗೆಲ್ಲ ನನಗೆ ನಿದ್ದೆ ಕೆಡಿಸುವ ಗಲಾಟೆ ಅದು.

ಇದನ್ನೆಲ್ಲ ಚಂದ ಮಾಡಿ ಹೇಳುತ್ತಿದ್ದೇನೆ ಎಂಬ ಅನುಮಾನ ನನಗೇ ಇದೆ. ಕೇಪಿನ ಕೋವಿ ಸಾಧುವೇನೂ ಅಲ್ಲ. ಹಂದಿ ಬರುವ ದಾರಿಗೆ ಕೋವಿ ಕಟ್ಟಿ, ದಾರ ಎಳೆದು ಬಿಟ್ಟದ್ದಕ್ಕೆ ಸಿಕ್ಕಿ, ಬೆಳಗ್ಗೆ ಸೌದೆಗೆ ಹೋದವರು ಕಾಲು ಕಳೆದುಕೊಂಡದ್ದಿದೆ, ಜೀವ ಬಿಟ್ಟದ್ದಿದೆ. ಹಂದಿ ಎಂದು ಮನುಷ್ಯನಿಗೆ ಈಡು ಹೊಡೆದವರ ಕತೆ ಮಲೆನಾಡಿನ ಯಾವ ಊರಿನಲ್ಲಿ ಕೇಳಿದರೂ ಒಂದಾದರೂ ಸಿಗುತ್ತದೆ.

ಅಪ್ಪಯ್ಯನ ಕಾಲಕ್ಕೆ ಕೋವಿಯ ಮಾತೇ ಬದಲಾಯಿತು. ಒಳ್ಳೆಯ ಧಾರಣೆ ಸಿಕ್ಕ ಒಂದು ವರ್ಷ ಅವರು ಜೋಡಿ ನಳಿಗೆ ತಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಷ್ಟರಲ್ಲಿ ಬಂದಾಗಿತ್ತು. ಹಾಗಾಗಿ ಯಾಕೆ ತಂದದ್ದು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಬೆಳೆ ಕಾಯ್ಲಿಕ್ಕೆ" ಎಂದರು. ಭಾನುವಾರ ಜಗಲಿಯಲ್ಲಿ ಕೂತು ನಳಿಗೆಗೆ ಎಣ್ಣೆ ಹಾಕುವಾಗ ಅವರ ಮುಖ ನೋಡಬೇಕಿತ್ತು. ಅಜ್ಜಯ್ಯ ಮಾತ್ರ ಅದನ್ನೊಮ್ಮೆ ಕೈಯಲ್ಲಿ ಹಿಡಿದು, ಮುರಿದು, ಎರಡು ತೂತುಗಳಲ್ಲೂ ಇಣುಕಿ ವಾಪಸು ಕೊಟ್ಟರು. "ಎರಡೆರಡು ಎಂತಕ್ಕಾ?" ಎಂದರು. ಅಪ್ಪಯ್ಯ ನಕ್ಕರು. ನಾನೂ ನಕ್ಕೆ.

ಅಜ್ಜಯ್ಯ ಹೋದರು. ಕೇಪಿನ ಕೋವಿಯೂ ಅಪ್ಪಯ್ಯನ ಲೈಸೆನ್ಸ್ ಪುಸ್ತಕಕ್ಕೆ ಸೇರಿತು. ಒಬ್ಬರ ಹೆಸರಿಗೆ ಮೂರು ಕೋವಿ ಇರಬಹುದಿತ್ತು, ಸರಿಯಾಗಿ ಮೂರು ಆಯಿತು. ಆಯುಧ ಪೂಜೆಗೆ ಮೂರನ್ನೂ ಇಳಿಸಿ ಚೆಂಡು ಹೂ ಇಡುವುದು, ಚುನಾವಣೆ ಬಂದಾಗ ಮೂರನ್ನೂ ಹೊತ್ತು ಪೊಲೀಸ್ ಠಾಣೆಗೆ ಕೊಟ್ಟು ಬರುವುದು, ಫಲಿತಾಂಶ ಬಂದ ಮೇಲೆ ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡ ಅವನ್ನು ವಾಪಸು ತರುವುದು. ಎಷ್ಟೋ ವರ್ಷ ಹೀಗೇ ನಡೆಯಿತು.

2019ರ ಕೊನೆಗೆ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು, ಅದು ಒಳ್ಳೆಯದೇ. ಆದರೆ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಪಿತ್ರಾರ್ಜಿತವಾಗಿ ಬಂದದ್ದಾದರೂ ಎರಡನ್ನು ಮೀರುವಂತಿಲ್ಲ. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು. ಖುಷಿಗೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಎಂಬುದೂ ಅದರಲ್ಲೇ ಬಂತು.

ಯಾವುದು ಹೋಗಬೇಕು ಎನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಊರಲ್ಲಿ ಹಲವರು ಆಗಲೇ ಒನಕೆಗಳನ್ನು ಒಪ್ಪಿಸಿ ಬಂದಿದ್ದರು. ಅದು ಕೊರೋನಾದ ವರ್ಷ, ನಾನು ಬೆಂಗಳೂರು ಬಿಟ್ಟು ಊರಲ್ಲೇ ಇದ್ದೆ. ಗಡುವು ಹತ್ತಿರ ಬಂದಾಗ ಗೋಣಿಚೀಲ ಹುಡುಕಿ ಓಣಿಗೆ ಹೋದೆ. ಅಪ್ಪಯ್ಯ ಜಗಲಿಯಿಂದಲೇ ಕೂಗಿದರು, "ಅದಲ್ಲ ಮಾರಾಯ, ಇದು." ಗೋಡೆಯಿಂದ ಜೋಡಿ ನಳಿಗೆ ಇಳಿಸಿ ಬೆಂಚಿನ ಮೇಲೆ ಮಲಗಿಸಿದ್ದರು.

ನಾನು ಏನೋ ಹೇಳಲು ಹೋದೆ. ಅವರು ಎಲೆ ಮಡಿಸುತ್ತಾ, ನನ್ನ ಮುಖ ನೋಡದೆ, ಗಬ್ಬದ ಎಮ್ಮೆಯ ಕತೆ ಹೇಳಿದರು. ಎಮ್ಮೆ ಸತ್ತದ್ದು ನನಗೆ ಗೊತ್ತಿತ್ತು. ಹಾವು ಕಚ್ಚಿ ಸತ್ತಿತು ಎಂದು ನಮಗೆಲ್ಲ ಹೇಳಿದ್ದರು. ಹಾವಲ್ಲ. ಹಗ್ಗ ಕಿತ್ತುಕೊಂಡು ಗದ್ದೆಗೆ ನುಗ್ಗಿದ್ದ ಎಮ್ಮೆಯನ್ನು ಹಂದಿ ಎಂದುಕೊಂಡು ಕತ್ತಲೆಯಲ್ಲಿ ಹೊಡೆದಿದ್ದರು. ಮೊದಲ ಈಡು ತಾಗಲಿಲ್ಲ. ಎಮ್ಮೆ ಹೆದರಿ ಒಮ್ಮೆ ಕೂಗಿತು. ಆ ಕೂಗು ಕಿವಿಗೆ ಬಿದ್ದು, ಅದು ನಮ್ಮ ಎಮ್ಮೆ ಎಂದು ತಲೆಗೆ ಹೋಗುವಷ್ಟರಲ್ಲಿ ಎರಡನೆಯದು ಹಾರಿಯಾಗಿತ್ತು.

"ಅಪ್ಪನ ಕೋವಿಯಾಗಿದ್ರೆ ಇನ್ನೊಂದು ತುಂಬ್ಬೇಕಿತ್ತಲ್ಲ," ಎಂದರು. ಮತ್ತೇನೂ ಹೇಳಲಿಲ್ಲ. ಮೂವತ್ತು ವರ್ಷ ಜಗಲಿಯ ಮೇಲೆ ಆ ಕೋವಿಯನ್ನು ತೂಗುಹಾಕಿಕೊಂಡು, ಎಣ್ಣೆ ಹಾಕಿಕೊಂಡು, ಅದರ ಕೆಳಗೇ ಕೂತು ಊಟ ಮಾಡಿದ ಮನುಷ್ಯ. ಅವರು ಆ ಮೂಲೆಯ ಕೋವಿಯ ಸುದ್ದಿ ಬಂದಾಗಲೆಲ್ಲ ಮಾತು ತಿರುಗಿಸುತ್ತಿದ್ದದ್ದು ನಾಚಿಕೆಯಿಂದ ಎಂದು ನಾನು ತಿಳಿದಿದ್ದೆ. ನಾಚಿಕೆಯೇ ಹೌದು. ಯಾವುದರ ಬಗ್ಗೆ ಎನ್ನುವುದನ್ನು ತಪ್ಪು ತಿಳಿದಿದ್ದೆ.

ಈಗ ಅಪ್ಪಯ್ಯನೂ ಇಲ್ಲ. ಕೋವಿಗಳೆರಡೂ ನನ್ನ ಹೆಸರಿಗೆ ಆಗಿವೆ. ನನ್ನ ಓರಗೆಯವರು ಮನೆಗೆ ಬಂದರೆ ಜಗಲಿಯ ಕಡೆ ನೋಡುವುದಿಲ್ಲ, "ಆ ಒನಕೆ ಇದೆಯಾ ಇನ್ನೂ?" ಎನ್ನುತ್ತಾರೆ. ಕೈಗೆ ಕೊಟ್ಟರೆ ಕುದುರೆಯ ಮೇಲೆ ಹೆಬ್ಬೆರಳಾಡಿಸುತ್ತಾ ಸುಮ್ಮನೆ ಕೂರುತ್ತಾರೆ. ಒಬ್ಬ ತನ್ನ ಮನೆಯದನ್ನು ಒಪ್ಪಿಸಿದ ಠಾಣೆಗೆ ಹೋಗಿ, ವಾಪಸು ಸಿಗುತ್ತದೆಯೇ ಎಂದು ಕೇಳಿ ಬಂದ. ಅಟ್ಟದಲ್ಲಿ ತುಕ್ಕು ಹಿಡಿಸಿದವನೂ ಅವನೇ.

ಕೊಡಗಿನಲ್ಲಿ ಗೆಳೆಯನೊಬ್ಬನ ಐನ್‌ಮನೆಗೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗಿದ್ದೆ. ನಾಟಿ ಮುಗಿಸಿ ಸೆಪ್ಟೆಂಬರ್ ಮೊದಲಲ್ಲಿ ಮಾಡುವ ಹಬ್ಬ. ಕೋವಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿದ್ದರು. ನಮ್ಮ ಕಡೆ ಗೌರಿ ಹೂ ಎನ್ನುವ, ಬೆಂಕಿ ನಾಲಿಗೆಯಂಥ ಕೆಂಪು ಹಳದಿ ಎಸಳಿನ ಹೂವದು. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ಇದೆ. ಅವರಲ್ಲಿ ಕೋವಿ ಎಂದರೆ ಮನೆಯ ಮಗು. ನಮ್ಮಲ್ಲಿ ಅದು ಕತ್ತಿ, ಪಿಕಾಸಿಗಳ ಜೊತೆ ಮೂಲೆಯಲ್ಲಿ ನಿಲ್ಲುವ ಆಳು. ಆಳು ಮುದುಕನಾದರೆ ಕೇಳುವವರಾರು?

ಮಂಗ ಓಡಿಸಲು ಈಗ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುತ್ತಾರೆ. ಸೋಲಾರ್ ಬೇಲಿ ಇದೆ, ಪಟಾಕಿ ಇದೆ, ಏರ್‌ಗನ್ ಇದೆ. ಗದ್ದೆಗಳೇ ಅಡಿಕೆ ತೋಟಗಳಾದ ಮೇಲೆ ಮಾಳ ಎಲ್ಲಿಂದ ಬರಬೇಕು? ರಾತ್ರಿ ಕಿವಿಗೊಟ್ಟರೆ ಕೇಳುವುದು ದೂರದ ಹೆದ್ದಾರಿಯ ಲಾರಿಗಳು. ಕುದುರೆಯ ಸ್ಪ್ರಿಂಗ್ ಕೂರಿಸಿಕೊಡುತ್ತಿದ್ದ ಆಚಾರಿ ತೀರಿಕೊಂಡರು. ಅವರ ಮಗ ಗೇಟು, ಗ್ರಿಲ್ಲುಗಳ ವೆಲ್ಡಿಂಗ್ ಮಾಡುತ್ತಾನೆ. ಕೋವಿ ಒಯ್ದರೆ, "ಅಣ್ಣಾ, ಇದು ಬಿಸಿ ಮಾಡಿದ್ರೆ ಮುರೀತದೆ, ನಂಗೆ ಬರಲ್ಲ" ಎಂದು ಪ್ರಾಮಾಣಿಕವಾಗಿ ವಾಪಸು ಕೊಟ್ಟ. ಶಿವಮೊಗ್ಗೆಯ ಅಂಗಡಿಯಲ್ಲಿ ಕೇಪು ಕೇಳಿದರೆ, ಎಳೆಯ ಹುಡುಗನೊಬ್ಬ ಒಳಗೆ ಹೋಗಿ ದೊಡ್ಡವರನ್ನು ಕೇಳಿ ಬಂದು ತಲೆಯಾಡಿಸಿದ.

ಇರುವುದು ಅಜ್ಜಯ್ಯನ ಅಮೃತಾಂಜನದ ಡಬ್ಬಿಯಲ್ಲಿ ಉಳಿದ ಹನ್ನೊಂದು ಕೇಪುಗಳು. ತಾಮ್ರ ಹಸಿರುಗಟ್ಟಿದೆ. ಎರಡು ಕುಟ್ಟಿದರೆ ಒಂದು ಹತ್ತಬಹುದು. ಕಳೆದ ಆಯುಧ ಪೂಜೆಯ ದಿನ ಚೆಂಡು ಹೂ ಇಟ್ಟು, ಕುಂಕುಮ ಹಚ್ಚಿ, ಆರತಿ ಎತ್ತಿದ ಮೇಲೆ ಅಮ್ಮ ಹೇಳಿದರು, "ಒಂದು ಹುಸಿ ಈಡು ಹೊಡಿಯೋ. ಅದ್ರ ದನಿ ಕೇಳಿ ಎಷ್ಟು ವರ್ಷ ಆಯ್ತು."

ಡಬ್ಬಿ ತೆರೆದೆ. ಒಂದು ಕೇಪನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದೆ.

"ಹನ್ನೊಂದೇ ಇರೋದಮ್ಮ," ಎಂದೆ.

"ಹಂಗಾದ್ರೆ ಬೇಡ, ಇಡು," ಎಂದರು ಅಮ್ಮ, ಆರತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾ. "ಮುಂದಿನ ವರ್ಷಕ್ಕೆ ಬೇಕಾಗ್ತದೆ."